ಕೋಯತಾಕ್ಕ ಕನ್ನಡ ಯಾವುದು?

ನಮ್ಮ ಭಾಗದಲ್ಲಿ ಕಥೆ ಬರೆಯುವವರಿಗೆ ಕೊರತೆ ಇಲ್ಲ. ವಾಚನಾಲಯದ ಕಪಾಟಿನಲ್ಲಿ ಅಚ್ಚಾದ ಪುಸ್ತಕಗಳ ಪಕ್ಕಕ್ಕೆ ಕೈಬರಹದ ಕಥೆಗಳ ಒಂದು ಗಂಟೂ ಇದೆ. ಬರೆದವರು ಹೆಚ್ಚಾಗಿ ಕನ್ನಡ ಸಾಲಿಯ ಮಾಸ್ತರರು; ಬಿಟ್ಟರೆ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು, ಒಬ್ಬಿಬ್ಬರು ಒಕ್ಕಲುತನದವರು. ಕಥೆಯ ವಸ್ತು ನಮ್ಮದೇ. ಜತ್ತ ತಾಲೂಕಿನ ಬರ, ಮಿರಜ ಕಡೆಯ ದ್ರಾಕ್ಷಿ ತೋಟ, ಸಾಂಗ್ಲಿ ಪೇಟೆಯ ಅರಿಶಿಣ, ಗುಡ್ಡಾಪುರದ ದಾನಮ್ಮನ ಜಾತ್ರಿ. ಮಂದಿಯೂ ನಮ್ಮವರೇ. ಆದರೆ ಓದುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಥೆಯೊಳಗಿನ ಮಂದಿ ಒಂದು ಕನ್ನಡ ಆಡುತ್ತಾರೆ, ಕಥೆ ಹೇಳುವವನು ಇನ್ನೊಂದು ಕನ್ನಡ ಆಡುತ್ತಾನೆ. ಮುದುಕಿ "ಉಂಡಿಯೇನೊ ಮಗಾ" ಅನ್ನುತ್ತಾಳೆ. ಮರುಸಾಲಿನಲ್ಲಿ ಕಥೆಗಾರ "ಅವನು ಭೋಜನವನ್ನು ಸ್ವೀಕರಿಸಿದನು" ಎಂದು ಬರೆಯುತ್ತಾನೆ. ಒಂದು ಜ್ವಾಳದ ರೊಟ್ಟಿ, ಒಂದು ಉಳ್ಳಾಗಡ್ಡಿ. ಅದಕ್ಕೆ ಭೋಜನ ಅಂತ ಹೆಸರು!

ನಗೆ ಬರುತ್ತದೆ, ಖರೆ. ಬರೀ ನಗೆಯ ಮಾತಾಗಿದ್ದರೆ ಇಷ್ಟು ಬರೆಯುವ ಜರೂರಿ ಇರಲಿಲ್ಲ. ರೊಟ್ಟಿಗೆ ಭೋಜನ ಅಂದರೆ ರೊಟ್ಟಿಗೇನೂ ಆಗುವುದಿಲ್ಲ. ಆದರೆ ಕೆಲವು ಶಬ್ದಗಳನ್ನು ಹಿಂಗ ಬದಲು ಮಾಡಿದರೆ ಕಥೆಯೊಳಗಿನ ಮನುಷ್ಯನಿಗೇ ಪೆಟ್ಟು ಬೀಳುತ್ತದೆ. ಶಬ್ದ ಆರಿಸುವಾಗ ನಾವು ಅದು ಶುದ್ಧವೋ ಅಶುದ್ಧವೋ, ಚಂದವೋ ಒರಟೋ ಎಂದು ನೋಡುತ್ತೇವೆ. ಅದಕ್ಕೂ ಮೊದಲು ನೋಡಬೇಕಾದ್ದು ಒಂದಿದೆ: ಆ ಶಬ್ದದೊಳಗೆ ಯಾರ ಲೆಕ್ಕ ಬರೆದಿಟ್ಟಿದೆ ಅನ್ನುವುದು.

ಕಬ್ಬು ಕಡಿಯುವ ಮಂದಿಯ ಮೇಲೆ ಬರೆದ ಕಥೆಗಳನ್ನೇ ತಗೊಳ್ಳೋಣ. ಇಂಥವು ನಮ್ಮ ಗಂಟಿನಲ್ಲಿ ಹಲವು ಇವೆ, ಇರಲೇಬೇಕು. ದೀಪಾವಳಿಯ ಆಸುಪಾಸಿಗೆ ಜತ್ತ ಭಾಗದ ಎಷ್ಟೋ ಮನೆಗಳಿಗೆ ಕೀಲಿ ಬೀಳುತ್ತದೆ. ಗಂಡ ಹೆಂಡತಿ, ಕೂಸು ಕುನ್ನಿ, ಅಡಿಗಿ ಸಾಮಾನು ಎಲ್ಲ ಕಟ್ಟಿಕೊಂಡು ಕೃಷ್ಣಾ, ವಾರಣಾ ಹೊಳಿ ದಂಡೆಯ ಕಬ್ಬಿನ ಸೀಮೆಗೆ ಹೋದರೆ ತಿರುಗಿ ಬರುವುದು ಬ್ಯಾಸಗಿ ಹೊತ್ತಿಗೆ. ಒಬ್ಬ ಕಥೆಗಾರರು ಈ ಹೊರಡುವ ದಿನವನ್ನು ಹೆಚ್ಚುಕಡಿಮೆ ಹೀಗೆ ಬರೆಯುತ್ತಾರೆ: ಗುತ್ತಿಗೆದಾರನಿಂದ ಮುಂಗಡ ಹಣ ಪಡೆದ ಹನ್ನೆರಡು ದಂಪತಿಗಳು ಕಬ್ಬು ಕಟಾವಿಗಾಗಿ ಪ್ರಯಾಣ ಬೆಳೆಸಿದರು. ವ್ಯಾಕರಣ ತಪ್ಪಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರಾ ಮಾರ್ಕು. ಆದರೆ ಇಲ್ಲಿಂದ ಹೋದವರು ಯಾರು, ಹೆಂಗ ಹೋದರು ಅನ್ನುವುದು ಈ ವಾಕ್ಯಕ್ಕೆ ಗೊತ್ತಿಲ್ಲ.

ಊರಾಗ ಇದನ್ನ ಹೆಂಗ ಅಂತಾರ? ಮುಕಾದಮನ ಟೋಳಿ ಹೊಂಟತು, ಹನ್ನೆರಡು ಕೋಯತಾ ಅದಾವು, ಎಲ್ಲಾರೂ ಉಚಲ ತಗೊಂಡಾರ. ಈ ಮಾತಿನೊಳಗಿನ ಒಂದೊಂದು ಶಬ್ದವನ್ನೂ ಬಿಚ್ಚಿ ನೋಡಬೇಕು.

ಕೋಯತಾ ಅಂದರೆ ಕಬ್ಬು ಕಡಿಯುವ ಕತ್ತಿ. ಆದರೆ ಕಬ್ಬಿನ ಲೆಕ್ಕದಲ್ಲಿ ಒಂದು ಕೋಯತಾ ಅಂದರೆ ಒಂದು ಗಂಡ ಹೆಂಡತಿ ಜೋಡಿ. ಗಂಡ ಕಡಿಯುತ್ತಾನೆ, ಹೆಂಡತಿ ಗಣಿಕೆ ಸವರಿ ಮೋಳಿ ಕಟ್ಟಿ ತಲೆ ಮೇಲೆ ಹೊತ್ತು ಗಾಡಿಗೆ ಹಾಕುತ್ತಾಳೆ. ಎರಡು ಮೈ ಸೇರಿ ಒಂದು ಕೋಯತಾ. ಹೆಂಡತಿ ಇಲ್ಲದ ಗಂಡಸು ಬಂದರೆ ಅವನು ಅರ್ಧ ಕೋಯತಾ. ಉಚಲ ಕೊಡುವುದು ಕೋಯತಾದ ಲೆಕ್ಕದ ಮೇಲೆ, ಕೂಲಿ ಹಿಡಿಯುವುದೂ ಅದರ ಮೇಲೆ. ಹೆಂಗಸಿನ ಕೂಲಿ ಅವಳ ಕೈಗೆ ಬೇರೆ ಬರುವುದಿಲ್ಲ, ಯಾಕಂದರೆ ಲೆಕ್ಕದ ವಹಿಯಲ್ಲಿ ಅವಳು ಬೇರೆ ಇಲ್ಲ. ಇಷ್ಟೂ ಸಂಗತಿ ಒಂದು ಶಬ್ದದಲ್ಲಿ ಇದೆ. "ದಂಪತಿಗಳು" ಅಂದ ಕೂಡಲೇ ಇದು ಹಾರಿಹೋಗಿ ಮದುವೆ ಕಾರ್ಡಿನ ವಾಸನೆ ಬರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ವ್ಯಾಕರಣ ಕಲಿಸುವ ಮಾಸ್ತರರು ಒಂದು ಗಳಿಗಿ ಕಿವಿಗೊಟ್ಟು ಕೇಳಬೇಕು. ಗಂಡ ಹೆಂಡತಿ "ಬರ್ತಾರ". ಕೋಯತಾ "ಬರ್ತಾವು". ಜೋಡಿಗೆ ಕೋಯತಾ ಎಂದು ಹೆಸರಾದ ಕ್ಷಣಕ್ಕೇ ಕನ್ನಡದ ಕ್ರಿಯಾಪದ ಅವರನ್ನು ಮನುಷ್ಯರ ಸಾಲಿನಿಂದ ತೆಗೆದು ದನ, ಗಾಡಿ, ಚೀಲಗಳ ಸಾಲಿನಲ್ಲಿ ನಿಲ್ಲಿಸುತ್ತದೆ. ಮುಕಾದಮ ಇದನ್ನು ಬೇಕಂತ ಮಾಡಿದ್ದಲ್ಲ, ನಮ್ಮ ನುಡಿಯ ಕಟ್ಟೇ ಹಂಗ. ಈಗ ಒಬ್ಬ ಕಥೆಗಾರ ಮುಕಾದಮನ ಬಾಯಿಂದ ಅಲ್ಲ, ತನ್ನ ನಿರೂಪಣೆಯಲ್ಲೇ, ಯಾವ ವಿವರಣೆಯನ್ನೂ ಕೊಡದೆ, "ಹನ್ನೆರಡು ಕೋಯತಾ ನಸುಕಿನಾಗ ಹೋದವು" ಎಂದು ಬರೆದನೆಂದುಕೊಳ್ಳಿ. ಆ "ಹೋದವು" ಹತ್ತಿರ ಓದುವವನು ಎಡವುತ್ತಾನೆ. ಮುಂದಿನ ಸಾಲಿನಲ್ಲಿ ಅದೇ ಹನ್ನೆರಡರೊಳಗಿನ ಒಬ್ಬಳಿಗೆ ಹೆಸರು ಕೊಟ್ಟು "ಶಾಂತವ್ವ ಕೂಸಿಗೆ ಕುಂಚಿಗಿ ಕಟ್ಟಿದಳು" ಎಂದರೆ, "ಹೋದವು"ದಿಂದ "ಕಟ್ಟಿದಳು"ವರೆಗಿನ ಆ ಒಂದು ಹೆಜ್ಜೆಯಲ್ಲಿ ಕಥೆ ಅರ್ಧ ಹೇಳಿ ಮುಗಿದಿರುತ್ತದೆ. ಶೋಷಣೆ, ಅಮಾನವೀಯ, ಕರುಳು ಹಿಂಡುವ ಅನ್ನುವ ಯಾವ ಶಬ್ದವೂ ಬೇಕಾಗುವುದಿಲ್ಲ. ನಮ್ಮ ಗಂಟಿನಲ್ಲಿರುವ ಕಥೆಗಳಲ್ಲಿ ಈ ಮೂರು ಶಬ್ದ ಧಾರಾಳ ಇವೆ. ಕೋಯತಾ ಇಲ್ಲ.

ಉಚಲ ಅನ್ನುವುದೂ ಹಾಗೇ. ಮರಾಠಿಯಲ್ಲಿ ಉಚಲಣೆ ಅಂದರೆ ಎತ್ತುವುದು. ಉಚಲ ಅಂದರೆ ಮೊದಲೇ ಎತ್ತಿಕೊಂಡ ರೊಕ್ಕ. ಕನ್ನಡದಲ್ಲಿ ಇದಕ್ಕೆ ಮುಂಗಡ ಅನ್ನುತ್ತಾರೆ ಎಂದು ಹೇಳುವವರಿದ್ದಾರೆ. ಮುಂಗಡ ನಾವು ಮಂಗಲ ಕಾರ್ಯಾಲಯಕ್ಕೆ ಕೊಡುತ್ತೇವೆ, ಮಂಟಪದವನಿಗೆ ಕೊಡುತ್ತೇವೆ. ಅಲ್ಲಿ ರೊಕ್ಕ ಕೊಟ್ಟವನಿಗೆ ಚಿಂತೆ, ತಗೊಂಡವನು ಆರಾಮ. ಉಚಲದಲ್ಲಿ ಅದು ತಿರುವುಮುರುವು. ಸೀಜನ್ ಮುಗಿದರೂ ಉಚಲ ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ, ಮನುಷ್ಯನೂ ಅದರ ಬೆನ್ನ ಹಿಂದೆ ಹೋಗುತ್ತಾನೆ. ಜಡ್ಡು ಬಿದ್ದು ಒಂದು ದಿವಸ ಫಡಕ್ಕೆ ಹೋಗದಿದ್ದರೆ ಖಾಡಾ ಬೀಳುತ್ತದೆ. ಖಾಡಾ ಅಂದರೆ ಬರೇ ರಜೆ ಅಲ್ಲ, ಅವತ್ತಿನ ಕೂಲಿಯೂ ಇಲ್ಲ, ಮೇಲೆ ದಂಡ. ಫಡ, ಮೋಳಿ, ಪಾಚಟ, ಖಾಡಾ, ಉಚಲ: ಈ ಶಬ್ದಗಳ ಒಂದು ಸಂಸಾರವೇ ಇದೆ. ಪಾಚಟಕ್ಕೆ ರವದಿ ಅಂದರೆ ನಡೆದೀತು, ಅದು ವಸ್ತು. ಮೋಳಿಗೆ ಹೊರೆ ಅಂದರೂ ನಡೆದೀತು. ಆದರೆ ಖಾಡಾ, ಉಚಲ, ಕೋಯತಾ ವಸ್ತುಗಳಲ್ಲ. ಅವು ಒಬ್ಬರಿಗೂ ಇನ್ನೊಬ್ಬರಿಗೂ ನಡುವಿನ ಋಣ. ವಸ್ತುವಿಗೆ ಬೇರೆ ಹೆಸರು ಇಟ್ಟರೆ ವಸ್ತು ಉಳಿಯುತ್ತದೆ. ಋಣದ ಹೆಸರು ಬದಲಿಸಿದರೆ ಋಣವೇ ಕಾಣದಂತಾಗುತ್ತದೆ, ಮತ್ತು ಅದು ಕಾಣದಂತಾದರೆ ಯಾರಿಗೆ ಅನುಕೂಲ ಎಂದು ನಾನು ಹೇಳಬೇಕಾಗಿಲ್ಲ.

ಇಲ್ಲಿ ಹಿರಿಯರು ಒಂದು ಆಕ್ಷೇಪ ಎತ್ತುತ್ತಾರೆ. ಗಡಿನಾಡಿನಲ್ಲಿ ಕನ್ನಡ ಉಳಿಯುವುದೇ ಕಷ್ಟ, ಕಥೆಯಲ್ಲೂ ಮರಾಠಿ ಶಬ್ದ ತುರುಕಿದರೆ ಕನ್ನಡ ಎಲ್ಲಿ ಉಳಿದೀತು? ಈ ಕಳಕಳಿಯನ್ನು ಹಗುರ ಮಾಡುವುದು ಸರಿಯಲ್ಲ. ಮನಿಯೊಳಗ ಕನ್ನಡ, ಕಚೇರಿಯೊಳಗ ಮರಾಠಿ ಎಂದು ಬಾಳುವವರಿಗೆ ತಮ್ಮ ನುಡಿ ಕೈಜಾರುವ ಅಂಜಿಕೆ ಏನೆಂದು ಗೊತ್ತು. ಅತ್ತ ಬೆಂಗಳೂರಿನವರು ನಮ್ಮ ಮಾತು ಕೇಳಿ "ಇದು ಮರಾಠಿ ಮಿಶ್ರ" ಅನ್ನುತ್ತಾರೆ, ಇತ್ತ ಸಾಂಗ್ಲಿಯಲ್ಲಿ ನಮ್ಮ ಮರಾಠಿ ಕೇಳಿ "ತುಮ್ಹಿ ಕಾನಡಿ ಕಾ" ಅನ್ನುತ್ತಾರೆ. ಎರಡೂ ಕಡೆ ಪೆಟ್ಟು ತಿಂದವರು ಕಥೆ ಬರೆಯಲು ಕುಂತಾಗ ಇಸ್ತ್ರಿ ಮಾಡಿದ ಕನ್ನಡ ಉಡುವುದು ಸಹಜ.

ಇಂಥ ಮಾತು ಬಂದಾಗ ಪಂಡಿತರು ನಯಸೇನನ ಹೆಸರು ತೆಗೆಯುತ್ತಾರೆ. ಮುಳುಗುಂದದ ಈ ಕವಿ 1112ರಲ್ಲಿ ಬರೆದ ಧರ್ಮಾಮೃತದಲ್ಲಿ, ಕನ್ನಡದೊಳಗೆ ಸಂಸ್ಕೃತ ಬೆರೆಸುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿ ಬೈದದ್ದು ಪ್ರಸಿದ್ಧ. ಆದರೆ ನಯಸೇನ ಬೈದದ್ದು ಯಾರನ್ನು? ಓದುವವರ ಮುಂದೆ ತಮ್ಮ ಪಾಂಡಿತ್ಯ ಹರಡಲು ಸಲ್ಲದ ಸಂಸ್ಕೃತ ತುಂಬುವವರನ್ನು. ಅಂದರೆ "ಭೋಜನವನ್ನು ಸ್ವೀಕರಿಸಿದನು" ಅನ್ನುವವರನ್ನು! ಒಕ್ಕಲಿಗನ ಬಾಯಲ್ಲಿ ಅರೆದು ಅರೆದು ನುಣ್ಣಗಾದ ಶಬ್ದ ಎಣ್ಣೆಯೂ ಅಲ್ಲ, ತುಪ್ಪವೂ ಅಲ್ಲ. ಅದು ಅವನ ಅಡಿಗಿ. ನಯಸೇನನೂ ಸಂಸ್ಕೃತ ಶಬ್ದ ಬಳಸದೆ ಬರೆದವನಲ್ಲ ಅನ್ನುವುದನ್ನೂ ಪಂಡಿತರು ಮರೆಯಬಾರದು.

ಮಿರಜದವರು ನೆನಪಿಡಬೇಕಾದ ಇನ್ನೊಂದು ಸಂಗತಿ ಇದೆ. ಹತ್ತನೆಯ ಶತಮಾನದಲ್ಲಿ ಪಂಪ ತನ್ನ ಭಾರತವನ್ನು ಪುಲಿಗೆರೆಯ ತಿರುಳುಗನ್ನಡದಲ್ಲಿ ಬರೆದೆನೆಂದು ಹೇಳಿಕೊಂಡ. ಆ ಪುಲಿಗೆರೆ ಅಂದರೆ ಇಂದಿನ ಲಕ್ಷ್ಮೇಶ್ವರ. ಸಂಸ್ಥಾನಗಳ ಕಾಲದಲ್ಲಿ ಅದೇ ಲಕ್ಷ್ಮೇಶ್ವರ ಮಿರಜದ ಪಟವರ್ಧನರ ಆಡಳಿತದಲ್ಲಿತ್ತು. ಸಾಂಗ್ಲಿ ಸಂಸ್ಥಾನಕ್ಕೂ ತೇರದಾಳ, ಶಿರಹಟ್ಟಿಯಂಥ ಅಚ್ಚಗನ್ನಡ ಸೀಮೆ ಸೇರಿತ್ತು. ಇದರಿಂದ ಯಾವ ಗಡಿ ವಾದವನ್ನೂ ಮಾಡಬೇಕಾಗಿಲ್ಲ. ನಾನು ಹೇಳುವುದು ಬೇರೆ: ಪಂಪ ತಿರುಳು ಎಂದು ಕರೆದದ್ದೂ ಒಂದು ಊರಿನ ಸುತ್ತಲಿನ ಕನ್ನಡವನ್ನೇ. ಅದರಲ್ಲಿ ಅವನು ಬರೆದದ್ದರಿಂದ ಅದು ದೊಡ್ಡದಾಯಿತು. ಅವನಿಗೂ ಹಿಂದೆಯೇ ಕವಿರಾಜಮಾರ್ಗ, ಕನ್ನಡದ ದೇಸಿಗಳು ಎಷ್ಟು ಬೇರೆ ಬೇರೆ ಎಂದರೆ ಅವುಗಳ ದೋಷ ಎಣಿಸಲು ಹೋದರೆ ಸಾವಿರ ನಾಲಿಗೆಯ ವಾಸುಕಿಗೂ ಬ್ಯಾಸರ ಬಂದೀತು ಎಂದಿತ್ತು. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟೆಲ್ ಸಾಹೇಬರ ನಿಘಂಟು ತೆಗೆದು ನೋಡಿ. ಎಷ್ಟೋ ಶಬ್ದಗಳ ಪಕ್ಕಕ್ಕೆ ಇದು ದಕ್ಷಿಣ ಮರಾಠಾ ಸೀಮೆಯ ಮಾತು ಎಂಬ ಗುರುತಿದೆ. ಅಂದರೆ ನಮ್ಮ ಸೀಮೆ. ಪರದೇಶದಿಂದ ಬಂದ ಪಾದ್ರಿ ನಮ್ಮ ಶಬ್ದಗಳನ್ನು ಕನ್ನಡದ ಕೋಶದೊಳಗೆ ಇಟ್ಟರು. ನಾವೇ ತೆಗೆದು ಹೊರಗೆ ಹಾಕುತ್ತಿದ್ದೇವೆ.

ಕೋಯತಾ ಅನ್ನುವುದನ್ನೂ ಇನ್ನೊಮ್ಮೆ ಬಾಯಲ್ಲಿ ಹಾಕಿ ನೋಡಿ. ಕೊಯ್ಯುವುದು, ಕೊಯಿಲು, ಕೊಯ್ತ. ಇದು ನಮ್ಮ ಮನೆಯಿಂದಲೇ ಕೊಟ್ಟ ಹೆಣ್ಣು, ಮಗಳು ತವರಿಗೆ ಬಂದಂತೆ ತಿರುಗಿ ಬಂದಾಳ ಅಂತ ನನಗೆ ಅನ್ನಿಸುತ್ತದೆ. ಮರಾಠಿಯವರು ಅಡಿಕೆ ಕತ್ತರಿಸಲು ಅಡಕಿತ್ತಾ ತಗೊಳ್ಳುತ್ತಾರೆ, ಹಿರಿಯಳಿಗೆ ಅಕ್ಕಾ ಅನ್ನುತ್ತಾರೆ. ಅದರಿಂದ ಮರಾಠಿ ಕೆಟ್ಟಿತೆಂದು ಯಾರೂ ಅತ್ತದ್ದಿಲ್ಲ. ನಾಟಕದ ಮಾತಂತೂ ಎಲ್ಲರಿಗೂ ಗೊತ್ತು. ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಆಟ ನೋಡಿ ಸಾಂಗ್ಲಿಯ ರಾಜರು ಮರಾಠಿಯಲ್ಲೂ ಇಂಥದ್ದು ಬೇಕೆಂದರು. ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾ ಸ್ವಯಂವರ ಆಡಿದರು, ಮರಾಠಿ ರಂಗಭೂಮಿ ಅಲ್ಲಿಂದ ಶುರುವಾಯಿತು. ಕೊಡುಕೊಳ್ಳುವುದಕ್ಕೆ ನಾಚುವ ಊರಲ್ಲ ಇದು. ಮನಿಯಾಗ ಮರಾಠಿ ಆಡುತ್ತಿದ್ದ ಬೇಂದ್ರೆಯವರು ಕನ್ನಡದ ವರಕವಿಯಾದರು. ಧಾರವಾಡದಲ್ಲೇ ಬಾಳಿದ ಜಿ.ಎ. ಕುಲಕರ್ಣಿಯವರು ಮರಾಠಿ ಕಥೆಯ ದೊಡ್ಡ ಹೆಸರು.

ಹಾಗಂತ ಕಂಡ ಕಂಡಲ್ಲಿ ಮರಾಠಿ ಸುರಿಯಬೇಕೆಂದು ನಾನು ಹೇಳುತ್ತಿಲ್ಲ. ಶಬ್ದ ಪಾತ್ರವನ್ನು ಎಲ್ಲಿ ನಿಲ್ಲಿಸುತ್ತದೆ ಎಂದು ನೋಡಬೇಕು. ಹೊಲದ ಕಾಗದದ ಉದಾಹರಣೆ ಕೊಡುತ್ತೇನೆ. ಜತ್ತ ತಾಲೂಕಿನ ಅಣ್ಣ ತಮ್ಮಂದಿರ ಹೊಲದ ಜಗಳದ ಕಥೆಯೊಂದರಲ್ಲಿ ಅಣ್ಣ "ಪಹಣಿ" ತೆಗೆಸಲು "ಗ್ರಾಮ ಲೆಕ್ಕಾಧಿಕಾರಿ" ಹತ್ತಿರ ಹೋಗುತ್ತಾನೆ. ಪಹಣಿ ಕರ್ನಾಟಕದ ಕಾಗದ. ಇಲ್ಲಿಯ ರೈತನ ಹೊಲ ಇರುವುದು ಸಾತಬಾರಾದಲ್ಲಿ, ಏಳನೆಯ ನಮೂನೆ ಹನ್ನೆರಡನೆಯ ನಮೂನೆ ಕೂಡಿದ ಉತಾರದಲ್ಲಿ. ಅದನ್ನು ಕೊಡುವವನು ತಲಾಟಿ. ಕಥೆಗಾರರು ಪಹಣಿ ಎಂದು ಬರೆದು ಕನ್ನಡ ಉಳಿಸಲಿಲ್ಲ, ತಮ್ಮ ರೈತನನ್ನು ಹೊಲಸಮೇತ ಎತ್ತಿ ವಿಜಯಪುರ ಜಿಲ್ಲೆಯಲ್ಲಿ ಇಟ್ಟರು. ಇಂಥ ಕಥೆಯಲ್ಲಿ ಆ ಅಣ್ಣನಿಗೆ ಇರುವ ದೊಡ್ಡ ತೊಡಕು ಕಾಣುವುದೇ ಇಲ್ಲ. ಆ ತೊಡಕು ಏನು? ಕಾಗದ ಮರಾಠಿಯಲ್ಲಿದೆ, ಅವನಿಗೆ ಓದಲು ಬರುವುದು ಕನ್ನಡ. ತನ್ನ ಹೊಲದ ಮೇಲೆ ಯಾರ ಹೆಸರು ಏರಿದೆ ಎಂದು ತಿಳಿಯಲು ಅವನು ಇನ್ನೊಬ್ಬನ ಕಣ್ಣು ಕೇಳಬೇಕು. ಆ ಇನ್ನೊಬ್ಬ ತಮ್ಮನೇ ಆಗಿದ್ದರೆ? ಕಥೆ ಅಲ್ಲಿತ್ತು. ಒಂದು ಶಬ್ದದ ಚೊಕ್ಕತನಕ್ಕೆ ಅದು ಹೋಯಿತು. ಹಾಗೇ ನಮ್ಮವರು ಹತ್ತುವುದು ಎಸ್ಟಿ. "ಸಾರಿಗೆ ವಾಹನ" ಎಂದು ಬರೆದದ್ದನ್ನೂ ಓದಿದ್ದೇನೆ, ಬಿಡಿ.

ಈಗ ಕಥೆ ಹೇಳುವವನ ಮಾತಿಗೆ ಬರೋಣ, ಯಾಕಂದರೆ ನಿಜವಾದ ಗಂಟು ಇರುವುದು ಅಲ್ಲಿ. ಪಾತ್ರಗಳ ಮಾತು ಆಡುನುಡಿಯಲ್ಲಿ ಇರಬೇಕೆಂದು ಈಗ ಎಲ್ಲರೂ ಒಪ್ಪುತ್ತಾರೆ. ರಾವಬಹಾದ್ದೂರರ ಗ್ರಾಮಾಯಣ ಬಂದು ಎಷ್ಟೋ ಕಾಲವಾಯಿತು, ಗೋಕಾಕ ಸೀಮೆಯ ಆನಂದಕಂದರು, ಕಟ್ಟೀಮನಿಯವರು ಬರೆದೂ ಎಷ್ಟೋ ಕಾಲವಾಯಿತು. ಆದರೆ ಪಾತ್ರಕ್ಕೆ ಅದರ ಮಾತು ಕೊಟ್ಟು, ನಿರೂಪಕನಿಗೆ ಮಾತ್ರ ಪಠ್ಯಪುಸ್ತಕದ ಕನ್ನಡ ಕೊಟ್ಟರೆ ಏನಾಗುತ್ತದೆ? ಕುರ್ಚಿಯ ಮೇಲೆ ಕುಂತ ಒಬ್ಬ, ಕೆಳಗೆ ಕುಂತ ಮಂದಿಯ ಮಾತನ್ನು ನಕಲು ಮಾಡಿ ತೋರಿಸಿದಂತೆ ಆಗುತ್ತದೆ. ಬರೆದವರ ಮನಸ್ಸಿನಲ್ಲಿ ಹಾಗಿರುವುದಿಲ್ಲ. ಅವರೂ ಅದೇ ಮನೆಯ ಮಕ್ಕಳು. ಆದರೆ ನಮ್ಮ ಸಾಲಿಗಳಿಗೆ ಪುಣೆಯ ಬಾಲಭಾರತಿಯಿಂದ ಬರುವ ಕನ್ನಡ ಪುಸ್ತಕ ಓದಿ, ಅದನ್ನೇ ಇಪ್ಪತ್ತು ಮೂವತ್ತು ವರ್ಷ ಕಲಿಸಿದವರ ಕೈ ಪೆನ್ನು ಹಿಡಿದ ಕೂಡಲೇ ಆ ಕಡೆಗೇ ಹೊರಳುತ್ತದೆ.

ಈ ಗಂಟನ್ನು ಬಿಚ್ಚಿದವರು ಬೇರೆ ಬೇರೆ ರೀತಿಯಲ್ಲಿ ಬಿಚ್ಚಿದ್ದಾರೆ. ದೇವನೂರ ಮಹಾದೇವರು ಕುಸುಮಬಾಲೆಯಲ್ಲಿ ನಿರೂಪಣೆಯನ್ನೇ ತಮ್ಮ ಸೀಮೆಯ ಆಡುಮಾತಿಗೆ ಒಪ್ಪಿಸಿಬಿಟ್ಟರು. ಅದು ಬಂದದ್ದು 1984ರಲ್ಲಿ. ನಮ್ಮ ಕಡೆಯವರಿಗೆ ಆ ನಂಜನಗೂಡು, ಚಾಮರಾಜನಗರದ ಕಡೆಯ ಕನ್ನಡ ಮೊದಲ ಓದಿಗೆ ಗಟ್ಟಿ ಕಬ್ಬಿನಂತೆ. ಹಲ್ಲು ಹಾಕಿದರೆ ರಸ ಬರುತ್ತದೆ. ಘೋಡಗೇರಿಯ ಕಂಬಾರರು ಕರಿಮಾಯಿಯಲ್ಲಿ ಕಟ್ಟೆಯ ಮೇಲೆ ಕುಂತು ಕಥೆ ಹೇಳುವ ಊರವನನ್ನು ನಿರೂಪಕನನ್ನಾಗಿ ಮಾಡಿಕೊಂಡರು. ಅವನ ಕನ್ನಡ ಪುಸ್ತಕಕ್ಕೂ ಹತ್ತಿರ, ಕಟ್ಟೆಗೂ ಹತ್ತಿರ.

ನಮ್ಮ ಮಾಸ್ತರರಿಗೆ ಇನ್ನೂ ಹತ್ತಿರದ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ, ಆದರೆ ಅದು ಮರಾಠಿಯಲ್ಲಿದೆ. ಆಟಪಾಡಿ ತಾಲೂಕಿನ ಮಾಡಗೂಳದ ವ್ಯಂಕಟೇಶ ಮಾಡಗೂಳಕರರ ಬನಗರವಾಡಿ, 1955ರ ಕಾದಂಬರಿ. ಕುರುಬರ ಒಂದು ಸಣ್ಣ ವಾಡಿಗೆ ಸಾಲಿ ಕಲಿಸಲು ಹೋದ ಎಳೇ ಮಾಸ್ತರನೇ ಅಲ್ಲಿ ಕಥೆ ಹೇಳುತ್ತಾನೆ. ಕುರುಬರು ಮಾಣದೇಶದ ಮಾತಾಡುತ್ತಾರೆ, ಮಾಸ್ತರ ಮಾಸ್ತರನ ಮರಾಠಿಯಲ್ಲೇ ಹೇಳುತ್ತಾನೆ. ಆದರೆ ಅವನ ಮರಾಠಿ ಬಡವ. ಅದರಲ್ಲಿ ಅಲಂಕಾರ ಇಲ್ಲ, ದೊಡ್ಡ ಸಮಾಸ ಇಲ್ಲ, ಯಾರ ಮೇಲೂ ಕನಿಕರ ಸುರಿಯುವ ವಿಶೇಷಣ ಇಲ್ಲ. ಕಂಡದ್ದನ್ನು ಕಂಡಷ್ಟು ಹೇಳುತ್ತಾನೆ. ತಾನು ಹೊರಗಿನವನು ಅನ್ನುವುದನ್ನು ಅವನು ಮುಚ್ಚಿಡುವುದಿಲ್ಲ, ಆದ್ದರಿಂದ ಎರಡು ಮಾತಿನ ನಡುವಿನ ಅಂತರ ಸುಳ್ಳಾಗುವುದಿಲ್ಲ. ಮಾಸ್ತರರೇ ಬರೆಯುವುದಾದರೆ ಮಾಸ್ತರನ ಬಾಯಲ್ಲೇ ಬರೆಯಿರಿ, ನಾಚಬೇಡಿ. ಆದರೆ ಆ ಮಾಸ್ತರ ಭಾಷಣ ಮಾಡಬಾರದು.

ಭಾಷಣದ ಚಟ ನಮಗೆ ಎಲ್ಲಿಂದ ಬಂತು ಅಂದರೆ, ನನ್ನ ಗುಮಾನಿ ಖಾಂಡೇಕರರ ಮೇಲಿದೆ. ವಿ.ಸ. ಖಾಂಡೇಕರರು 1898ರಲ್ಲಿ ಸಾಂಗ್ಲಿಯಲ್ಲಿ ಹುಟ್ಟಿದವರು, ಯಯಾತಿಗೆ ಜ್ಞಾನಪೀಠ ಪಡೆದವರು, ಕನ್ನಡಕ್ಕೂ ಬಂದವರು. ನಮ್ಮ ಹಿರಿಯ ತಲೆಮಾರಿನ ಮಾಸ್ತರರು ಅವರನ್ನು ಎರಡೂ ಭಾಷೆಯಲ್ಲಿ ಓದಿ ಬೆಳೆದರು. ಅವರ ಉಪಮೆ, ಸುಭಾಷಿತ ಆ ಕಾಲಕ್ಕೆ, ಆ ಪೌರಾಣಿಕ ವಸ್ತುವಿಗೆ ಒಪ್ಪುತ್ತಿದ್ದವು. ಯಯಾತಿ ಮಹಾರಾಜ ಜೀವನದ ಬಗ್ಗೆ ಚಿಂತನ ಮಾಡಬಹುದು. ಬೋರವೆಲ್ಲಿಗೆ ನೀರು ಬೀಳದೆ ಕುಂತ ಮಾಡಗ್ಯಾಳದ ರೈತ ಅದೇ ದಾಟಿಯಲ್ಲಿ ಚಿಂತನ ಮಾಡಿದರೆ, ಮಾತಾಡುತ್ತಿರುವುದು ರೈತನಲ್ಲ ಎಂದು ಕೂಸಿಗೂ ಗೊತ್ತಾಗುತ್ತದೆ. ವಾಟೇಗಾವದ ಅಣ್ಣಾಭಾವು ಸಾಠೆಯವರು ಸಾಲಿ ಮುಖ ಸರಿಯಾಗಿ ನೋಡದವರು. ಅವರ ಫಕೀರಾ 1959ರಲ್ಲಿ ಬಂತು. ಅದನ್ನೂ ಇದನ್ನೂ ಪಕ್ಕಕ್ಕೆ ಇಟ್ಟು ಓದಿದರೆ ಒಂದೇ ಜಿಲ್ಲೆಯಿಂದ ಎಷ್ಟು ದೂರದ ಎರಡು ಗದ್ಯ ಬರಬಹುದು ಎಂದು ತಿಳಿಯುತ್ತದೆ.

ಇದರ ಉಲ್ಟಾ ತಪ್ಪು ಮಾಡುವವರೂ ಇದ್ದಾರೆ, ಹೆಚ್ಚಾಗಿ ಎಳೆಯರು. ಆಡುಮಾತು ಅಂದರೆ ಖಾರ ಅಂತ ತಿಳಿದು ಪ್ರತಿ ವಾಕ್ಯಕ್ಕೂ ಮಸಾಲಿ ಹಾಕುತ್ತಾರೆ. ಬೈಗುಳ, ಗಾದಿ, "ಯಪ್ಪಾ", "ಯವ್ವಾ" ಬಿಟ್ಟು ಮಾತಿಲ್ಲ. ನಮ್ಮ ಮುದುಕರು ಅಷ್ಟು ಮಾತಾಡುವುದೇ ಇಲ್ಲ. ಇನ್ನು ಎಲ್ಲರಿಗೂ ಒಂದೇ ಆಡುಮಾತು ಹಂಚುವುದು. ಧಾರವಾಡದ ಕಡೆ "ಅದ" ಎಂದು ಬ್ರಾಹ್ಮಣರ ಮನೆಯಲ್ಲಿ, "ಐತಿ" ಎಂದು ಉಳಿದವರ ಮನೆಯಲ್ಲಿ ಕೇಳಿಬರುತ್ತದೆ ಅನ್ನುವುದು ಪ್ರಸಿದ್ಧ. ಕಲಬುರ್ಗಿ, ಸೊಲ್ಲಾಪುರದ ಕಡೆ ಹೋದರೆ "ಅದ" ಎಲ್ಲರ ಬಾಯಲ್ಲೂ ಇದೆ. ನಾವು ಇರುವುದು ಇವುಗಳ ನಡುವೆ. ಮಿರಜ ಪೇಟೆಯ ವ್ಯಾಪಾರಿ, ಸಂಖದ ಒಕ್ಕಲಿಗ, ಉಮದಿಯಿಂದ ಮದುವೆಯಾಗಿ ಕೃಷ್ಣೆಯ ದಂಡೆಗೆ ಬಂದ ಸೊಸಿ, ಈ ಮೂವರೂ ಕಥೆಯೊಳಗೆ ಒಂದೇ ಥರ ಮಾತಾಡಿದರೆ ಆ ಕಥೆಗಾರ ಅವರೊಳಗೆ ಯಾರ ಮಾತನ್ನೂ ನಿಂತು ಕೇಳಿಲ್ಲ ಅಂತ ಅರ್ಥ.

ಮರಾಠಿಯಲ್ಲೇ ನಡೆದ ಮಾತನ್ನು ಕನ್ನಡ ಕಥೆಯಲ್ಲಿ ಹೆಂಗ ತರಬೇಕು? 'ಅವನು ಮರಾಠಿಯಲ್ಲಿ ಹೇಳಿದನು' ಎಂದು ಬರೆದು ಮುಂದೆ ಕನ್ನಡದಲ್ಲಿ ಕೊಡುವವರು ಬಹಳ. ಇಡೀ ಸಂಭಾಷಣೆಯನ್ನು ಮರಾಠಿಯಲ್ಲೇ ಕನ್ನಡ ಲಿಪಿಯಲ್ಲಿ ಬರೆಯುವವರೂ ಉಂಟು. ಅದನ್ನು ಧಾರವಾಡದ ಆಚೆಗಿನ ಓದುಗ ದಾಟಲಾರ. ನನಗೆ ಸರಿ ಕಾಣುವುದು ಒಂದೇ ಒಂದು ಮರಾಠಿ ಮಾತನ್ನು, ಅಧಿಕಾರ ಕೈ ಬದಲಿಸುವ ಜಾಗದಲ್ಲಿ ಇಡುವುದು. ಮುದುಕಿ ಕಚೇರಿಯ ಕಟ್ಟೆಯ ಮೇಲೆ ತನ್ನ ಕಷ್ಟವನ್ನೆಲ್ಲ ಕನ್ನಡದಲ್ಲಿ ಹೇಳಿಕೊಳ್ಳಲಿ, ಅರ್ಧ ಪುಟ ಹೇಳಲಿ. ಮೇಜಿನ ಆಚೆಯಿಂದ ಬರುವ ಉತ್ತರ ಎರಡೇ ಶಬ್ದ: "ಉದ್ಯಾ ಯೇ." ನಾಳೆ ಬಾ ಅನ್ನುವುದನ್ನು ನಮ್ಮಲ್ಲಿ ಮರಾಠಿ ಬಾರದವರೂ ಅನುವಾದವಿಲ್ಲದೆ ತಿಳಿಯುತ್ತಾರೆ. ಇದನ್ನು "ನಾಳೆ ಬನ್ನಿರಿ" ಎಂದು ಮಾಡಿದರೆ ಆ ಕಚೇರಿಗೆ ಇಲ್ಲದ ಸೌಜನ್ಯ ಬಂದುಬಿಡುತ್ತದೆ!

ಶಬ್ದ ಎಷ್ಟು ಕಡಿಮೆ ಸಾಕು ಅನ್ನುವುದಕ್ಕೆ ನಮ್ಮ ಮಾತಿನಲ್ಲೇ ಒಂದು ನಮೂನೆ ಇದೆ. ಊರಿಂದ ಊರಿಗೆ ಸುದ್ದಿ ಹೋಗುತ್ತದೆ: "ಅಪ್ಪನ್ನ ಮಿರಜಿಗೆ ಒಯ್ದಾರ." ಅಥಣಿ, ಕಾಗವಾಡ, ಜತ್ತ, ಎಲ್ಲಿಯೇ ಆಗಲಿ ಈ ಮಾತು ಕೇಳಿದವರು ಯಾಕೆ ಎಂದು ಕೇಳುವುದಿಲ್ಲ. 1894ರಲ್ಲಿ ವಾನ್‌ಲೆಸ್ ಸಾಹೇಬರು ಮಿಶನ್ ದವಾಖಾನಿ ಕಟ್ಟಿದಂದಿನಿಂದ ಈ ಸೀಮೆಗೆ ಮಿರಜ ಅಂದರೆ ದವಾಖಾನಿ. ಒಯ್ದಾರ ಅಂದರೆ ಹಳ್ಳಿಯ ಡಾಕ್ಟರ ಕೈ ಬಿಟ್ಟಾನ, ರೊಕ್ಕ ಎಲ್ಲಿಂದಲೋ ಕೂಡಿಸ್ಯಾರ, ಉಳಿದರ ದೇವರ ದಯಾ. ಇಷ್ಟು ಅರ್ಥ ಮೂರು ಶಬ್ದಗಳಿಗೆ ನಮ್ಮ ಮಂದಿ ತುಂಬಿಟ್ಟಿದ್ದಾರೆ. ಕಥೆಗಾರ ಇದರ ಮುಂದೆ "ಚಿಂತಾಜನಕ ಸ್ಥಿತಿಯಲ್ಲಿದ್ದ ತಂದೆಯನ್ನು ಹೆಚ್ಚಿನ ಚಿಕಿತ್ಸೆಗಾಗಿ" ಎಂದು ಸೇರಿಸಿದರೆ ಪೇಪರಿನ ಸುದ್ದಿಯಾಗುತ್ತದೆ. ಹೋಗಲಿ, ದೂರದ ಓದುಗನಿಗೆ ಮಿರಜ ಅಂದರೇನು ಗೊತ್ತಾಗಬೇಕಲ್ಲ ಎಂದರೆ, ಅವನಿಗೂ ಗೊತ್ತಾಗುತ್ತದೆ. ಸುದ್ದಿ ಕೇಳಿದ ಮಗಳು ಕಲಸಿದ ಹಿಟ್ಟು ಹಾಗೇ ಬಿಟ್ಟು ಎದ್ದಳು ಎಂದು ಬರೆಯಿರಿ. ಸಾಕು.

ಈ ಮಾತು ಕಥೆ ಬರೆಯುವವರಿಗಷ್ಟೇ ಅಲ್ಲ, ನಿಬಂಧ ತಿದ್ದುವವರಿಗೂ ಸೇರಿದ್ದು, ಯಾಕಂದರೆ ಮುಂದಿನ ಕಥೆಗಾರರು ಈಗ ಅವರ ಕೈಕೆಳಗೆ ಮೂರನೇ ನಾಲ್ಕನೇ ಯತ್ತೆಯಲ್ಲಿ ಕುಂತಿದ್ದಾರೆ. ಸೀಜನ್ ಬಂದಾಗ ಅವ್ವ ಅಪ್ಪ ಹೋಗಿ, ಹುಡುಗರು ಅಜ್ಜಿಯ ಹತ್ತಿರ ಉಳಿಯುತ್ತಾರೆ. "ನನ್ನ ಮನೆ" ಎಂಬ ವಿಷಯ ಕೊಟ್ಟರೆ ಅವರೊಳಗೆ ಒಬ್ಬಳು "ನಮ್ಮವ್ವ ಅಪ್ಪ ಕೋಯತಾಕ್ಕ ಹೋಗ್ಯಾರ" ಎಂದು ಬರೆಯಬಹುದು. ಕೆಂಪು ಮಸಿಯ ಪೆನ್ನು ಇದನ್ನು "ನನ್ನ ತಂದೆ ತಾಯಿ ಕಬ್ಬು ಕಟಾವಿನ ಕೆಲಸಕ್ಕೆ ಹೋಗಿದ್ದಾರೆ" ಎಂದು ತಿದ್ದುತ್ತದೆ. "ಹೋಗ್ಯಾರ" ಅನ್ನುವುದನ್ನು "ಹೋಗಿದ್ದಾರೆ" ಎಂದು ತಿದ್ದಲಿ, ಪರೀಕ್ಷೆಗೆ ಅದು ಬೇಕು, ಹುಡುಗಿಗೆ ಮುಂದೆ ನೌಕರಿಗೂ ಬೇಕು. "ಅವ್ವ"ನನ್ನು ತಾಯಿ ಮಾಡುವ ಜರೂರಿ ಇಲ್ಲ. ಕೋಯತಾದ ಮೇಲೆ ಗೀಟು ಹಾಕಬಾರದು. ಸಾಧ್ಯವಾದರೆ ಪಕ್ಕಕ್ಕೆ, ಕೋಯತಾ ಅಂದರೇನು, ಇನ್ನೂ ನಾಲ್ಕು ಸಾಲು ಬರೆ ಎಂದು ಬರೆಯಬಹುದು.

ಆ ಶಬ್ದವನ್ನು ಹೇಗೆ ಬರೆಯಬೇಕು ಅನ್ನುವುದು ಇನ್ನೂ ಬಗೆಹರಿದಿಲ್ಲ. ಕೋಯತಾ, ಕೋಯ್ತಾ, ಕೊಯತಾ, ಮೂರೂ ಥರ ಬರೆದದ್ದನ್ನು ನೋಡಿದ್ದೇನೆ. ನಾನು ಈ ಲೇಖನದಲ್ಲಿ ಕೋಯತಾ ಎಂದು ಬರೆದದ್ದು ನಮ್ಮೂರ ಮಂದಿ ಅದನ್ನು ಹಾಗೆ ಎಳೆದು ಅನ್ನುತ್ತಾರೆಂದು.